ಹಸಿರು ದೀಪವನ್ನು ನಂಬಬಹುದೇ?

2025ರ ಏಪ್ರಿಲ್ 12, ಶನಿವಾರ. ಬೆಂಗಳೂರಿನ ಹನುಮಂತನಗರದ ಐವತ್ತಡಿ ರಸ್ತೆಯೇ ಇರಲಿ, ದೆಹಲಿಯ ಚಾಂದನಿ ಚೌಕವೇ ಇರಲಿ, ಅಂಗಡಿಯ ಮುಂದೆ ಮೊಬೈಲ್ ಹಿಡಿದು ನಿಂತವರ ಪಾಡು ಅಂದು ಒಂದೇ ಆಗಿತ್ತು. ಯುಪಿಐ ಮೂಲಕ ಹಣ ಕಳಿಸಲು ಹೋದರೆ ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇತ್ತು. ಹಣ ಬಂತೆಂದು ಕೂಗಿ ಹೇಳುವ ಪುಟ್ಟ ಪೆಟ್ಟಿಗೆ ಬಾಯಿ ಬಿಡಲಿಲ್ಲ. ಕೊಟ್ಟವನಿಗೆ ಹಣ ಹೋಯಿತೋ ಇಲ್ಲವೋ ತಿಳಿಯದು. ಅಂಗಡಿಯವನಿಗೆ ಬಂತೋ ಇಲ್ಲವೋ ತಿಳಿಯದು. ಇಬ್ಬರೂ ಮತ್ತೆ ಮತ್ತೆ ಗುಂಡಿ ಒತ್ತಿದರು. ಕೆಲವು ಗಂಟೆಗಳ ಕಾಲ ದೇಶದ ಅನೇಕ ಕಡೆ ಇದೇ ಕಥೆ.

ಹಾಲು ಕೆಟ್ಟರೆ ವಾಸನೆಯಿಂದ ಗೊತ್ತಾಗುತ್ತದೆ. ಬಸ್ಸು ಕೆಟ್ಟರೆ ಹೊಗೆ ಕಾಣುತ್ತದೆ, ಸದ್ದು ಕೇಳುತ್ತದೆ. ಆದರೆ ಎಲ್ಲೋ ದೂರದ ಗಣಕಗಳಲ್ಲಿ ಹಗಲಿರುಳೂ ಓಡುವ ತಂತ್ರಾಂಶಕ್ಕೆ ಕಾಯಿಲೆ ಬಂದರೆ ತಿಳಿಯುವುದು ಹೇಗೆ? ಅದಕ್ಕೆ ಹೊಗೆಯೂ ಇಲ್ಲ, ವಾಸನೆಯೂ ಇಲ್ಲ. ಪರೀಕ್ಷೆಯ ಫಲಿತಾಂಶ, ಸಿಇಟಿಯ ಆಯ್ಕೆ ನಮೂದು, ಮನೆಯ ನೋಂದಣಿ, ಬ್ಯಾಂಕಿನ ವ್ಯವಹಾರ ಎಲ್ಲವೂ ಅದರ ಮೇಲೆಯೇ ನಿಂತಿರುವಾಗ ಈ ಪ್ರಶ್ನೆ ಕೇವಲ ಎಂಜಿನಿಯರುಗಳದ್ದಲ್ಲ. ಇದಕ್ಕೆ ತಂತ್ರಜ್ಞರು ಕಂಡುಕೊಂಡ ಉತ್ತರದ ಹೆಸರು ಡ್ಯಾಷ್‌ಬೋರ್ಡ್.

ಕುದುರೆ ಗಾಡಿಯಿಂದ ಬಂದ ಹೆಸರು

ಈ ಪದ ಹುಟ್ಟಿದ್ದು ಕುದುರೆ ಗಾಡಿಗಳ ಕಾಲದಲ್ಲಿ. ಓಡುವ ಕುದುರೆಯ ಗೊರಸಿನಿಂದ ಹಾರುವ ಕೆಸರು ಸವಾರರ ಮೈಗೆ ಬಡಿಯದಿರಲೆಂದು ಗಾಡಿಯ ಮುಂದೆ ಒಂದು ಹಲಗೆ ಕಟ್ಟುತ್ತಿದ್ದರು. ಅದೇ ಡ್ಯಾಷ್‌ಬೋರ್ಡ್. ಕುದುರೆ ಹೋಗಿ ಮೋಟಾರು ಬಂದಾಗ ಹಲಗೆಯ ಜಾಗ ಉಳಿಯಿತು. ಅದರ ಮೇಲೆ ವೇಗ ತೋರಿಸುವ ಮುಳ್ಳು, ಪೆಟ್ರೋಲಿನ ಮುಳ್ಳು, ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಬಂದು ಕುಳಿತವು. ಕೆಸರು ತಡೆಯುವ ಹಲಗೆ ಸುದ್ದಿ ಹೇಳುವ ಫಲಕವಾಯಿತು.

2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿಯುವುದನ್ನು ಟಿ.ವಿ.ಯಲ್ಲಿ ಕಂಡವರು ಬೆಂಗಳೂರಿನ ಇಸ್ಟ್ರಾಕ್ ಕೇಂದ್ರದ ಸಾಲು ಸಾಲು ಪರದೆಗಳನ್ನು ಮರೆತಿರಲಾರರು. ಅಲ್ಲಿ ಕುಳಿತ ವಿಜ್ಞಾನಿಗಳಾರೂ ಚಂದ್ರನ ಬಳಿ ಇರಲಿಲ್ಲ. ನೌಕೆಯ ಎತ್ತರ, ವೇಗ ಮುಂತಾದ ಅಂಕಿಗಳನ್ನು ಓದಿಯೇ ಅವರು ಅದರ ಸ್ಥಿತಿ ತಿಳಿಯುತ್ತಿದ್ದರು. ತಂತ್ರಾಂಶದ ಡ್ಯಾಷ್‌ಬೋರ್ಡ್ ಕೂಡ ಇದೇ ಜಾತಿಯದು. ಕಣ್ಣಿಗೆ ಕಾಣದ, ಕೈಗೆ ಸಿಗದ ಯಂತ್ರದ ನಾಡಿ ಹಿಡಿದು ನೋಡುವ ಬಗೆ ಅದು.

ನಾಲ್ಕು ಪ್ರಶ್ನೆಗಳು

ನಾಡಿ ಹಿಡಿಯುವುದು ಸರಿ, ಆದರೆ ಏನನ್ನು ಎಣಿಸಬೇಕು? ಒಂದು ಗಣಕದಿಂದ ಸಾವಿರಾರು ಬಗೆಯ ಅಂಕಿಗಳನ್ನು ತೆಗೆಯಬಹುದು. ಎಲ್ಲವನ್ನೂ ಪರದೆಗೆ ಹಾಕಿದರೆ ಅದು ಫಲಕವಾಗುವುದಿಲ್ಲ, ಸಂತೆಯಾಗುತ್ತದೆ. ಗೂಗಲ್ ಸಂಸ್ಥೆಯ ಎಂಜಿನಿಯರುಗಳು ತಮ್ಮ ಅನುಭವವನ್ನು 2016ರಲ್ಲಿ ಪುಸ್ತಕವಾಗಿ ಹೊರತಂದಾಗ, ಬೇರೇನನ್ನು ಬಿಟ್ಟರೂ ನಾಲ್ಕು ಸಂಗತಿಗಳನ್ನು ಬಿಡಬೇಡಿ ಎಂದು ಹೇಳಿದರು. ಅವನ್ನು ತಿಳಿಯಲು ಗಣಕವೇ ಬೇಕಿಲ್ಲ. ಬ್ಯಾಂಕಿನ ಒಂದು ಕೌಂಟರ್ ಸಾಕು.

ಮೊದಲನೆಯದು ಬೇಡಿಕೆ: ಒಂದು ಗಂಟೆಯಲ್ಲಿ ಎಷ್ಟು ಜನ ಬಂದರು? ಎರಡನೆಯದು ವಿಳಂಬ: ಒಬ್ಬೊಬ್ಬರ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತು? ಮೂರನೆಯದು ದೋಷ: ಕೆಲಸವಾಗದೆ ಬರಿಗೈಯಲ್ಲಿ ಮರಳಿದವರು ಎಷ್ಟು ಮಂದಿ? ನಾಲ್ಕನೆಯದು ಭರ್ತಿ: ಕೌಂಟರಿನವರ ಕೈ ಎಷ್ಟು ತುಂಬಿದೆ? ಇನ್ನೂ ಎಷ್ಟು ಜನರನ್ನು ಸುಧಾರಿಸಬಲ್ಲರು?

ಈ ನಾಲ್ಕನ್ನೂ ಒಟ್ಟಿಗೆ ನೋಡಬೇಕು ಎಂಬುದರಲ್ಲೇ ಸ್ವಾರಸ್ಯವಿದೆ. ಕೌಂಟರಿನಲ್ಲಿ ಕುಳಿತವರು ಬಂದವರಿಗೆಲ್ಲ ‘ಇವತ್ತು ಆಗೋಲ್ಲ, ಹೋಗಿ’ ಎಂದು ಬಿಟ್ಟರೆ ಸಾಲು ಸರಸರನೆ ಕರಗುತ್ತದೆ. ವಿಳಂಬವನ್ನಷ್ಟೇ ಅಳೆಯುವ ಮೇಲಧಿಕಾರಿಗೆ ಆ ದಿನ ಬಹಳ ಚೆನ್ನಾಗಿ ಕೆಲಸ ನಡೆದಂತೆ ಕಾಣುತ್ತದೆ! ತಂತ್ರಾಂಶವೂ ಹಾಗೆಯೇ. ‘ದೋಷ ಸಂಭವಿಸಿದೆ’ ಎಂಬ ಉತ್ತರವನ್ನು ಅದು ಕ್ಷಣಮಾತ್ರದಲ್ಲಿ ಕೊಡಬಲ್ಲದು.

ಸರಾಸರಿ ಎಂಬ ಮೋಸಗಾರ

ಹೈಸ್ಕೂಲಿನಲ್ಲಿ ಕಲಿತ ಸಂಖ್ಯಾಶಾಸ್ತ್ರ ಕೆಲಸಕ್ಕೆ ಬರುವುದು ಇಲ್ಲಿ. ಫಲಿತಾಂಶದ ದಿನ 100 ಮಂದಿ ವಿದ್ಯಾರ್ಥಿಗಳು ಒಂದು ಪುಟ ತೆರೆದರು ಎನ್ನಿ. 90 ಮಂದಿಗೆ 1 ಸೆಕೆಂಡಿನಲ್ಲಿ ಪುಟ ಬಂತು. ಉಳಿದ 10 ಮಂದಿ 41 ಸೆಕೆಂಡು ಕಾದರು. ಸರಾಸರಿ ಎಷ್ಟು? ಒಟ್ಟು 500 ಸೆಕೆಂಡುಗಳನ್ನು 100ರಿಂದ ಭಾಗಿಸಿದರೆ 5 ಸೆಕೆಂಡು. ಪರವಾಗಿಲ್ಲ ಎನಿಸುತ್ತದೆ. ಆದರೆ 5 ಸೆಕೆಂಡು ಕಾದವರು ಒಬ್ಬರಾದರೂ ಇದ್ದಾರೆಯೇ? ಇಲ್ಲ. ಆ ಸರಾಸರಿ ಯಾರ ಅನುಭವವೂ ಅಲ್ಲ. ಗಾಬರಿಯಿಂದ ಕಾದ ಹತ್ತು ಮಂದಿ ಅದರೊಳಗೆ ಮುಚ್ಚಿಹೋದರು.

ಅದಕ್ಕೇ ತಿಳಿದವರು ಶತಾಂಶಕವನ್ನು ನೋಡುತ್ತಾರೆ. ಎಲ್ಲರ ಸಮಯವನ್ನೂ ಏರಿಕೆ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿ, 95ನೆಯವರು ಎಷ್ಟು ಕಾದರು ಎಂದು ಕೇಳುತ್ತಾರೆ. ಮೇಲಿನ ಲೆಕ್ಕದಲ್ಲಿ ಉತ್ತರ 41 ಸೆಕೆಂಡು. ತಕ್ಷಣ ಕಾಯಿಲೆ ಬಯಲಾಗುತ್ತದೆ.

ಇನ್ನೊಂದು ಲೆಕ್ಕ. ‘ನಮ್ಮ ಸೇವೆ ಶೇ 99.9ರಷ್ಟು ಸಮಯ ಲಭ್ಯ’ ಎಂದರೆ ಬಹಳ ಭದ್ರವಾಗಿ ಕೇಳಿಸುತ್ತದೆ. 30 ದಿನಗಳ ತಿಂಗಳಲ್ಲಿ ಉಳಿದ ಶೇ 0.1 ಎಂದರೆ ಸುಮಾರು 43 ನಿಮಿಷ. ಆದರೆ ಯಾವ 43 ನಿಮಿಷ? ರಾತ್ರಿ ಮೂರು ಗಂಟೆಗೆ ಬಂದರೆ ಯಾರಿಗೂ ತಿಳಿಯಲಿಕ್ಕಿಲ್ಲ. ಆಯ್ಕೆ ನಮೂದಿಸುವ ಕೊನೆಯ ದಿನದ ಕೊನೆಯ ಗಂಟೆಯಲ್ಲಿ ಬಂದರೆ ಒಬ್ಬ ವಿದ್ಯಾರ್ಥಿಯ ಸೀಟೇ ಕೈತಪ್ಪಬಹುದು.

ಜೆ.ಪಿ. ನಗರದ ಒಂಬತ್ತೂಕಾಲು ಗಂಟೆ

ಹೀಗೆ ಗಡಿಯಾರದ ಮುಳ್ಳಿನ ಮೇಲೆ ಬದುಕುವ ಸೇವೆಯೊಂದು ಹನುಮಂತನಗರದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿದೆ. ಷೇರು ದಳ್ಳಾಳಿ ಸಂಸ್ಥೆ ಜೆರೋಧಾ 2010ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಅದರ ಕಚೇರಿ ಇರುವುದು ಜೆ.ಪಿ. ನಗರದ 4ನೇ ಹಂತದಲ್ಲಿ. ಷೇರು ಪೇಟೆಯ ಬಾಗಿಲು ತೆರೆಯುವುದು ಬೆಳಿಗ್ಗೆ 9.15ಕ್ಕೆ, ಮುಚ್ಚುವುದು 3.30ಕ್ಕೆ. ರಾತ್ರಿಯೆಲ್ಲ ಬಹುಮಟ್ಟಿಗೆ ನಿದ್ರಿಸುವ ವ್ಯವಸ್ಥೆಯ ಮೇಲೆ ಬೆಳಿಗ್ಗೆ ಅಣೆಕಟ್ಟಿನ ತೂಬು ತೆರೆದಂತೆ ಬೇಡಿಕೆ ನುಗ್ಗುತ್ತದೆ. ಆ ಹೊತ್ತಿನಲ್ಲಿ ಒಂದು ನಿಮಿಷ ತಡವಾದರೂ ಗ್ರಾಹಕರಿಗೆ ನಷ್ಟವಾಗಬಹುದು.

ಈ ಸಂಸ್ಥೆಯ ಎಂಜಿನಿಯರುಗಳು ತಮ್ಮ ವ್ಯವಸ್ಥೆಯ ಮೇಲೆ ಕಣ್ಣಿಡಲು ಪ್ರೊಮೀಥಿಯಸ್ ಮತ್ತು ಗ್ರಫಾನಾ ಎಂಬ ತಂತ್ರಾಂಶಗಳನ್ನು ಬಳಸಿದ ಬಗೆಯನ್ನು ಬಹಿರಂಗವಾಗಿ ಬರೆದು ಹಂಚಿಕೊಂಡಿದ್ದಾರೆ. ಇವೆರಡೂ ಉಚಿತ, ಮೂಲ ಸಂಕೇತ ಎಲ್ಲರಿಗೂ ಮುಕ್ತ.

ಪ್ರೊಮೀಥಿಯಸ್ ಹುಟ್ಟಿದ್ದು 2012ರಲ್ಲಿ, ಬರ್ಲಿನ್ನಿನ ಸೌಂಡ್‌ಕ್ಲೌಡ್ ಎಂಬ ಸಂಗೀತ ಸಂಸ್ಥೆಯಲ್ಲಿ. ಅದರ ಕೆಲಸ ಆಸ್ಪತ್ರೆಯ ನರ್ಸಿನ ಸುತ್ತಿನಂತೆ. 15 ಸೆಕೆಂಡಿಗೊಮ್ಮೆ ಎಂದು ಗೊತ್ತುಮಾಡಿದರೆ, 15 ಸೆಕೆಂಡಿಗೊಮ್ಮೆ ಪ್ರತಿಯೊಂದು ಸೇವೆಯ ಬಳಿಗೂ ಹೋಗಿ ‘ಹೇಗಿದ್ದೀ?’ ಎಂದು ಕೇಳಿ, ಬಂದ ಅಂಕಿಗಳನ್ನು ವೇಳೆಯ ಸಮೇತ ಬರೆದಿಡುತ್ತದೆ. ಉತ್ತರವೇ ಬಾರದಿದ್ದರೆ ಅದೂ ಒಂದು ಸುದ್ದಿಯೇ. ಗ್ರಫಾನಾವನ್ನು ಸ್ವೀಡನ್ನಿನ ಟೋರ್ಕೆಲ್ ಊಡೆಗಾರ್ಡ್ ಆರಂಭಿಸಿದರು. 2014ರಲ್ಲಿ ಅದು ಜನರ ಕೈಗೆ ಬಂತು. ಬರೆದಿಟ್ಟ ಅಂಕಿಗಳನ್ನು ಅದು ಗೆರೆಗಳಾಗಿ, ಮುಳ್ಳುಗಳಾಗಿ ಚಿತ್ರಿಸುತ್ತದೆ. ಮಂಚದ ತುದಿಗೆ ತೂಗುಹಾಕುವ ಜ್ವರದ ಚಾರ್ಟು ಇದ್ದಂತೆ.

ಥರ್ಮಾಮೀಟರ್ ಜ್ವರ ಇದೆ ಎನ್ನುತ್ತದೆ. ಅದು ಮಲೇರಿಯವೋ ಟೈಫಾಯಿಡೋ ಹೇಳುವುದಿಲ್ಲ. ಡ್ಯಾಷ್‌ಬೋರ್ಡಿನ ಮಿತಿಯೂ ಅದೇ. ಎಲ್ಲಿ ನೋವಿದೆ ಎಂದು ಅದು ಬೆರಳು ತೋರಿಸುತ್ತದೆ. ಕಾರಣ ಹುಡುಕಲು ಯಂತ್ರಗಳು ಬರೆದಿಡುವ ದಿನಚರಿಯನ್ನು ಎಂಜಿನಿಯರ್ ಕುಳಿತು ಓದಲೇಬೇಕು.

ದೀಪವೇ ಸುಳ್ಳು ಹೇಳಿದಾಗ

ಹಾಗಾದರೆ ಫಲಕದ ಮೇಲೆ ಎಲ್ಲ ಹಸಿರಾಗಿದ್ದರೆ ನೆಮ್ಮದಿಯಿಂದ ಇರಬಹುದೇ? ಎರಡು ಹಳೆಯ ಪ್ರಸಂಗಗಳು ಎಚ್ಚರಿಕೆ ಹೇಳುತ್ತವೆ.

2017ರ ಫೆಬ್ರುವರಿ 28ರಂದು ಅಮೆರಿಕದ ವರ್ಜೀನಿಯದಲ್ಲಿ ಅಮೆಜಾನ್ ಸಂಸ್ಥೆಯ ದತ್ತಾಂಶ ಸಂಗ್ರಹ ಸೇವೆ ಸುಮಾರು ನಾಲ್ಕು ಗಂಟೆ ಕುಸಿದು ಬಿತ್ತು. ಕೆಲವೇ ಗಣಕಗಳನ್ನು ಬದಿಗೆ ಸರಿಸಲು ಕೊಟ್ಟ ಆಜ್ಞೆಯಲ್ಲಿ ತಪ್ಪಾಗಿ, ಉದ್ದೇಶಿಸಿದ್ದಕ್ಕಿಂತ ಹೆಚ್ಚು ಗಣಕಗಳು ಕಳಚಿಕೊಂಡಿದ್ದವು. ಆ ಸಂಗ್ರಹವನ್ನು ನೆಚ್ಚಿಕೊಂಡ ಅನೇಕ ತಾಣಗಳು ನಿಂತವು. ಆದರೆ ಸೇವೆಗಳ ಸ್ಥಿತಿಗತಿ ತೋರಿಸುವ ಅಮೆಜಾನಿನ ಸ್ವಂತ ಫಲಕವನ್ನು ಮೊದಲ ಸುಮಾರು ಎರಡು ಗಂಟೆ ಬದಲಿಸಲು ಆಗಲೇ ಇಲ್ಲ. ಏಕೆಂದರೆ ಆ ಫಲಕವನ್ನು ನಿರ್ವಹಿಸುವ ವ್ಯವಸ್ಥೆಯೂ ಕುಸಿದ ಸಂಗ್ರಹವನ್ನೇ ನಂಬಿಕೊಂಡಿತ್ತು! ಬೆಂಕಿಯ ಗಂಟೆಯನ್ನು ಉರಿಯುವ ಮನೆಯೊಳಗೇ ಕಟ್ಟಿದಂತಾಗಿತ್ತು.

ಇದಕ್ಕಿಂತ ಗಂಭೀರವಾದದ್ದು 1979ರ ಮಾರ್ಚ್ 28ರ ಘಟನೆ. ಅಮೆರಿಕದ ಪೆನ್ಸಿಲ್ವೇನಿಯದ ತ್ರೀ ಮೈಲ್ ಐಲೆಂಡ್ ಅಣು ವಿದ್ಯುತ್ ಸ್ಥಾವರದಲ್ಲಿ ಒಂದು ಕವಾಟ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿತು. ನಿಯಂತ್ರಣ ಕೊಠಡಿಯ ದೀಪ ನೋಡಿದ ಸಿಬ್ಬಂದಿ ಅದು ಮುಚ್ಚಿದೆ ಎಂದುಕೊಂಡರು. ನಿಜವಾಗಿ ಆ ದೀಪ ಹೇಳುತ್ತಿದ್ದುದು ‘ಮುಚ್ಚು ಎಂದು ಆಜ್ಞೆ ಹೋಗಿದೆ’ ಎಂದಷ್ಟೇ, ಮುಚ್ಚಿತೇ ಎಂಬುದನ್ನಲ್ಲ. ಅದೇ ಹೊತ್ತಿಗೆ ನೂರಕ್ಕೂ ಹೆಚ್ಚು ಎಚ್ಚರಿಕೆ ಗಂಟೆಗಳು ಒಟ್ಟಿಗೆ ಕೂಗಿಕೊಂಡವು. ತಂಪು ನೀರು ಸೋರಿ ಹೋಗಿ ಸ್ಥಾವರದ ಒಡಲು ಭಾಗಶಃ ಕರಗಿತು.

ಆಜ್ಞೆ ಹೋಯಿತು ಎಂಬುದು ಬೇರೆ, ಕೆಲಸ ಆಯಿತು ಎಂಬುದು ಬೇರೆ. ‘ಗಣಕ ಚಾಲೂ ಇದೆ’ ಎಂಬುದು ಬೇರೆ, ‘ವಿದ್ಯಾರ್ಥಿಗೆ ಅಂಕಪಟ್ಟಿ ಸಿಕ್ಕಿತು’ ಎಂಬುದು ಬೇರೆ. ಒಳ್ಳೆಯ ಫಲಕ ಯಾವಾಗಲೂ ಬಾಗಿಲ ಹೊರಗೆ ನಿಂತ ವ್ಯಕ್ತಿಯ ಕಡೆಯಿಂದ ಅಳೆಯಲು ತೊಡಗುತ್ತದೆ.

ಕಾವೇರಿಯಲ್ಲಿ ಬಂದ ಪ್ರವಾಹ

ಈ ಪಾಠ ನಮ್ಮ ರಾಜ್ಯಕ್ಕೂ ತಟ್ಟಿದ್ದುಂಟು. ಮನೆ, ನಿವೇಶನ ಕೊಂಡ ತಂದೆತಾಯಂದಿರಿಗೆ ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ‘ಕಾವೇರಿ 2.0’ ಪರಿಚಿತ. ಋಣಭಾರ ಪ್ರಮಾಣಪತ್ರ, ಅಂದರೆ ಜನ ಇ.ಸಿ. ಎನ್ನುವ ಕಾಗದ, ಸಿಗುವುದೂ ಅಲ್ಲಿಯೇ. 2024ರ ಡಿಸೆಂಬರಿನಲ್ಲೂ 2025ರ ಜನವರಿಯಲ್ಲೂ ಈ ವ್ಯವಸ್ಥೆ ಪದೇ ಪದೇ ನಿಂತುಹೋಯಿತು. ಉಪನೋಂದಣಾಧಿಕಾರಿ ಕಚೇರಿಗಳಲ್ಲಿ ಜನ ಕಾಗದ ಪತ್ರ ಹಿಡಿದು ಕಾದು ಮರಳಿದರು.

ಪರಿಶೀಲಿಸಿದಾಗ ತಿಳಿದದ್ದು: ಯಂತ್ರ ತಾನಾಗಿ ಕೆಟ್ಟಿರಲಿಲ್ಲ. ಯಾರೋ ಬೇಕೆಂದೇ ಸುಳ್ಳು ಬೇಡಿಕೆಗಳ ಪ್ರವಾಹ ಹರಿಸಿದ್ದರು. ಇ.ಸಿ. ಹುಡುಕಾಟ ಮಾಮೂಲಿಗಿಂತ 8 ಪಟ್ಟು ಏರಿತ್ತು. ಜನವರಿಯ ದಾಳಿಯಲ್ಲಿ ಎರಡು ಗಂಟೆಗಳಲ್ಲಿ 6.2 ಲಕ್ಷ ಇಂಥ ಬೇಡಿಕೆಗಳು ಬಂದಿದ್ದವು. 62 ಇ-ಮೇಲ್ ಖಾತೆಗಳು ಇದಕ್ಕೆ ಬಳಕೆಯಾಗಿದ್ದವು. ಪ್ರಕರಣ ಸೈಬರ್ ಪೊಲೀಸರ ಬಳಿಗೆ ಹೋಯಿತು.

ಫಲಕದ ದೃಷ್ಟಿಯಿಂದ ಇಲ್ಲೊಂದು ಸೂಕ್ಷ್ಮವಿದೆ. ಬೇಡಿಕೆಯ ಗೆರೆ ಒಮ್ಮೆಲೇ ಮೇಲೇರಿದರೆ ಅದು ದಾಳಿಯೇ ಆಗಬೇಕಿಲ್ಲ. ಫಲಿತಾಂಶದ ದಿನವೂ ಗೆರೆ ಹೀಗೆಯೇ ಏರುತ್ತದೆ. ಆಗ ಬಾಗಿಲು ಅಗಲ ಮಾಡಬೇಕು. ದಾಳಿಯಾದರೆ ಬಾಗಿಲು ಕಾಯಬೇಕು. ಎರಡನ್ನೂ ಬಿಡಿಸಿ ನೋಡಲು ಒಂದೇ ಮುಳ್ಳು ಸಾಲದು. ಬಂದವರು ಎಷ್ಟು ಬೇರೆ ಬೇರೆ ಜನ? ಎಲ್ಲರೂ ಒಂದೇ ಕೆಲಸ ಕೇಳುತ್ತಿದ್ದಾರೆಯೇ? ಇಷ್ಟೆಲ್ಲ ಗದ್ದಲದ ಕೊನೆಗೆ ಗಂಟೆಗೆ ಎಷ್ಟು ಪತ್ರಗಳು ನಿಜವಾಗಿ ನೋಂದಣಿಯಾದವು? ಹಿಂದಿನ ವಾರದ ಇದೇ ದಿನ, ಇದೇ ಗಂಟೆಯಲ್ಲಿ ಎಷ್ಟಾಗಿದ್ದವು? ಬೇಡಿಕೆ ಎಂಟು ಪಟ್ಟಾಗಿ ಪೂರ್ಣಗೊಂಡ ಕೆಲಸ ಮಾತ್ರ ಇಳಿದಿದ್ದರೆ ಏನೋ ಸರಿಯಿಲ್ಲ ಎಂದು ಯಾರಿಗಾದರೂ ಹೊಳೆಯುತ್ತದೆ.

ಗುಂಡಿ ಒತ್ತಿದವರದೂ ಪಾಲು

ಈಗ ಆ ಏಪ್ರಿಲ್ ಶನಿವಾರಕ್ಕೆ ಮರಳೋಣ. ಯುಪಿಐ ನಡೆಸುವ ರಾಷ್ಟ್ರೀಯ ಪಾವತಿ ನಿಗಮ ಕಾರಣ ಹುಡುಕಿದಾಗ ಕಂಡದ್ದು ವಿಚಿತ್ರವಾಗಿತ್ತು. ವ್ಯವಸ್ಥೆಯನ್ನು ಬಗ್ಗಿಸಿದ್ದು ಹಣ ಕಳಿಸುವವರ ಸಂಖ್ಯೆಯಲ್ಲ. ‘ಆ ವ್ಯವಹಾರ ಏನಾಯಿತು?’ ಎಂದು ಕೆಲವು ಬ್ಯಾಂಕುಗಳ ಗಣಕಗಳು ಹಳೆಯ ವ್ಯವಹಾರಗಳ ಬಗ್ಗೆಯೂ ಮತ್ತೆ ಮತ್ತೆ ಕೇಳುತ್ತಿದ್ದ ವಿಚಾರಣೆಗಳು. ಕಾಯಿಲೆಯವರನ್ನು ‘ಹೇಗಿದ್ದೀರಿ’ ಎಂದು ಕೇಳಲು ಬಂದವರೇ ಅವರಿಗೆ ಉಸಿರಾಡಲು ಜಾಗವಿಲ್ಲದಂತೆ ಮಾಡಿದ ಹಾಗೆ!

ಆಮೇಲೆ ನಿಗಮ ಇಂಥ ವಿಚಾರಣೆಗಳಿಗೆ ಮಿತಿ ಹಾಕಿತು. ಒಂದು ವ್ಯವಹಾರದ ಸ್ಥಿತಿಯನ್ನು ಹೆಚ್ಚೆಂದರೆ ಮೂರು ಬಾರಿ ಕೇಳಬಹುದು. 2025ರ ಆಗಸ್ಟ್ 1ರಿಂದ ಗ್ರಾಹಕರು ಖಾತೆಯ ಶಿಲ್ಕು ನೋಡುವುದಕ್ಕೂ ಒಂದು ಆ್ಯಪಿನಲ್ಲಿ ದಿನಕ್ಕೆ 50 ಬಾರಿ ಎಂಬ ಮಿತಿ ಬಂತು. ಪುಟ ತೆರೆಯದಿದ್ದಾಗ ಪಟಪಟನೆ ಗುಂಡಿ ಒತ್ತುವ ವಿದ್ಯಾರ್ಥಿಗಳೂ ಇದನ್ನು ನೆನಪಿಡಬೇಕು. ಪ್ರತಿ ಒತ್ತಿಗೂ ಒಂದು ಹೊಸ ಬೇಡಿಕೆ; ದಣಿದ ಯಂತ್ರದ ಬೆನ್ನಿಗೆ ಇನ್ನೊಂದು ಮೂಟೆ.

ಇದೇ ನಿಗಮ ಜನರಿಗೂ ತೆರೆದಿಟ್ಟ ಒಂದು ಲೆಕ್ಕವುಂಟು. ಪ್ರಮುಖ ಬ್ಯಾಂಕುಗಳ ಯುಪಿಐ ವ್ಯವಹಾರಗಳಲ್ಲಿ ಎಷ್ಟು ವಿಫಲವಾದವು ಎಂಬುದನ್ನು ಅದು ತಿಂಗಳು ತಿಂಗಳು ಪ್ರಕಟಿಸುತ್ತದೆ, ಅದೂ ಎರಡು ಭಾಗ ಮಾಡಿ. ಗ್ರಾಹಕ ತಪ್ಪು ಪಿನ್ ಒತ್ತಿದ್ದು, ಖಾತೆಯಲ್ಲಿ ಹಣವಿಲ್ಲದ್ದು ಒಂದು ಬಗೆ. ಬ್ಯಾಂಕಿನ ಅಥವಾ ನಿಗಮದ ಯಂತ್ರವೇ ಕೈಕೊಟ್ಟದ್ದು ಇನ್ನೊಂದು ಬಗೆ. ಯಾರ ತಪ್ಪು ಎಂದು ಬಿಡಿಸಿ ಹೇಳುವ ಫಲಕವೇ ಪ್ರಾಮಾಣಿಕ ಫಲಕ. ಮಕ್ಕಳ ಅಂಕಪಟ್ಟಿಯಂತೆ ಬ್ಯಾಂಕುಗಳ ಅಂಕಪಟ್ಟಿಯನ್ನೂ ತಂದೆತಾಯಂದಿರು ಒಮ್ಮೆ ನೋಡಬಹುದು.

ಇದೂ ಒಂದು ಉದ್ಯೋಗ

ಹನುಮಂತನಗರದ ಸುತ್ತ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಬರವಿಲ್ಲ. ಬುಲ್ ಟೆಂಪಲ್ ರಸ್ತೆಯಲ್ಲಿ 1946ರಲ್ಲಿ ಆರಂಭವಾದ ಬಿ.ಎಂ.ಎಸ್. ಕಾಲೇಜು, ಐವತ್ತಡಿ ರಸ್ತೆಯಲ್ಲಿ ಪಿ.ಇ.ಎಸ್. ಸಂಸ್ಥೆಯ ಆವರಣ ಎರಡೂ ಇಲ್ಲಿಯೇ. ಗಣಕ ವಿಜ್ಞಾನ ಎಂದರೆ ಹೊಸ ತಂತ್ರಾಂಶ ಬರೆಯುವುದು ಎಂದೇ ಅನೇಕ ಮನೆಗಳ ತಿಳಿವಳಿಕೆ. ಬರೆದದ್ದನ್ನು ನಿಲ್ಲದಂತೆ ನಡೆಸುವುದೂ ಅಷ್ಟೇ ದೊಡ್ಡ ವಿದ್ಯೆ. ಇದನ್ನೇ ವೃತ್ತಿಯಾಗಿಸಿಕೊಂಡವರನ್ನು ‘ಸೈಟ್ ರಿಲಯಬಿಲಿಟಿ ಎಂಜಿನಿಯರ್’ ಎನ್ನುತ್ತಾರೆ. ಗೂಗಲ್ ಸಂಸ್ಥೆಯಲ್ಲಿ 2003ರಲ್ಲಿ ಇಂಥ ಮೊದಲ ತಂಡ ಕಟ್ಟಲಾಯಿತು.

ಇದಕ್ಕೆ ಬೇಕಾದದ್ದು ಲಿನಕ್ಸ್, ಗಣಕ ಜಾಲಗಳ ಗಟ್ಟಿ ತಿಳಿವಳಿಕೆ, ಸ್ವಲ್ಪ ಪ್ರೋಗ್ರಾಮಿಂಗ್, ಸಂಖ್ಯಾಶಾಸ್ತ್ರ. ಜೊತೆಗೆ, ತಿಳಿಯಾಗಿ ಬರೆಯುವ ಅಭ್ಯಾಸ. ಏಕೆಂದರೆ ಪ್ರತಿಯೊಂದು ಅವಘಡದ ನಂತರ ಏನಾಯಿತೆಂದು ಬರೆದಿಡುವುದು ಇಲ್ಲಿಯ ಸಂಪ್ರದಾಯ. ಆ ಬರವಣಿಗೆ ‘ಯಾರು ತಪ್ಪು ಮಾಡಿದರು’ ಎಂದು ಹುಡುಕುವುದಿಲ್ಲ. ‘ಒಬ್ಬರ ತಪ್ಪು ಇಷ್ಟು ದೂರ ಹಬ್ಬಲು ವ್ಯವಸ್ಥೆ ಹೇಗೆ ಬಿಟ್ಟಿತು’ ಎಂದು ಕೇಳುತ್ತದೆ. 2017ರಲ್ಲಿ ಅಮೆಜಾನ್ ಮಾಡಿದ್ದೂ ಅದನ್ನೇ. ಒಂದು ತಪ್ಪು ಆಜ್ಞೆಯಿಂದ ಬೇಕಾದ್ದಕ್ಕಿಂತ ಹೆಚ್ಚು ಗಣಕಗಳು ಕಳಚದಂತೆ ತಡೆ ಹಾಕಿತು. ಫಲಕದ ನಿರ್ವಹಣೆಯನ್ನು ಒಂದೇ ಕಡೆಗೆ ನೆಚ್ಚದೆ ಹಲವು ಪ್ರದೇಶಗಳಿಗೆ ಹಂಚಿತು.

ತಂದೆತಾಯಂದಿರು ಒಂದು ಮಾತು ತಿಳಿದಿರಬೇಕು. ಈ ಕೆಲಸದಲ್ಲಿ ಸರದಿಯ ಮೇಲೆ ರಾತ್ರಿ ಕರೆ ಬರುತ್ತದೆ. ಹೆರಿಗೆ ಆಸ್ಪತ್ರೆಯ ವೈದ್ಯರಂತೆ ಎರಡು ಗಂಟೆಗೆ ಏಳಬೇಕಾದೀತು. ಹಾಗಾಗಿ, ಯಾವ ಎಚ್ಚರಿಕೆಗೆ ಮನುಷ್ಯನನ್ನು ಎಬ್ಬಿಸಬೇಕು, ಯಾವುದನ್ನು ಬೆಳಿಗ್ಗೆಗೆ ಬಿಡಬಹುದು ಎಂಬ ವಿವೇಕವೂ ಇಲ್ಲಿ ವಿದ್ಯೆಯ ಭಾಗ. ದುಬಾರಿ ತರಬೇತಿಗೆ ಹಣ ಕಟ್ಟುವ ಮೊದಲು ಉಚಿತವಾಗಿ ದೊರೆಯುವ ಪ್ರೊಮೀಥಿಯಸ್, ಗ್ರಫಾನಾಗಳನ್ನು ಮನೆಯ ಗಣಕದಲ್ಲಿ ಹಾಕಿ ನೋಡಬಹುದು. ಗೂಗಲ್ ಎಂಜಿನಿಯರುಗಳ ಆ ಪುಸ್ತಕವೂ ಅಂತರ್ಜಾಲದಲ್ಲಿ ಉಚಿತವಾಗಿ ಓದಲು ಸಿಗುತ್ತದೆ.

ಮನೆಯಲ್ಲೇ ಮಾಡಿ ನೋಡಿ

ಹೈಸ್ಕೂಲು ವಿದ್ಯಾರ್ಥಿಗಳಿಗೆ ಗಣಕವೂ ಬೇಡ. ಮೊಬೈಲ್, ಗಡಿಯಾರ, ಒಂದು ಗ್ರಾಫ್ ಹಾಳೆ ಸಾಕು. ನಿತ್ಯ ಬಳಸುವ ಯಾವುದಾದರೂ ಒಂದು ಪುಟವನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ ಒಟ್ಟು 20 ಬಾರಿ ತೆರೆಯಿರಿ. ಪ್ರತಿ ಸಲವೂ ಎಷ್ಟು ಸೆಕೆಂಡು ಹಿಡಿಯಿತು ಎಂದು ವೇಳೆಯ ಸಮೇತ ಬರೆಯಿರಿ. ತೆರೆಯದೇ ಹೋದರೆ ‘ದೋಷ’ ಎಂದು ಗುರುತಿಸಿ, ಬಿಡಬೇಡಿ. ಎಲ್ಲ 20 ಬಾರಿಯೂ ಪುಟ ತೆರೆದಿದ್ದರೆ ಸರಾಸರಿ ತೆಗೆಯಿರಿ. ಬಳಿಕ ಏರಿಕೆ ಕ್ರಮದಲ್ಲಿ ಜೋಡಿಸಿ 10 ಮತ್ತು 11ನೆಯ ಸಂಖ್ಯೆಗಳ ನಡುವಿನದನ್ನು ಕಂಡುಹಿಡಿಯಿರಿ, ಅದು ಮಧ್ಯಾಂಕ. ನಂತರ 19ನೆಯದನ್ನು ನೋಡಿ. ಅದು 95ನೇ ಶತಾಂಶಕ. ಮೂರನ್ನೂ ಅಕ್ಕಪಕ್ಕ ಇಟ್ಟರೆ ಸರಾಸರಿ ಏನನ್ನು ಮುಚ್ಚಿಡುತ್ತದೆ ಎಂಬುದು ನಿಮ್ಮ ಕಣ್ಣಿಗೇ ಬೀಳುತ್ತದೆ.

ಆ ಹಾಳೆಯೇ ನಿಮ್ಮ ಮೊದಲ ಡ್ಯಾಷ್‌ಬೋರ್ಡ್. ಅದರಲ್ಲಿ ಬಣ್ಣದ ದೀಪಗಳಿಲ್ಲ. ಆದರೆ ಬಾಗಿಲ ಹೊರಗೆ ನಿಂತು ಕಾದವರ ಕಡೆಯಿಂದ ಬರೆದದ್ದಾದ್ದರಿಂದ ಅದನ್ನು ನಂಬಬಹುದು.